ಕಾಳಜಿಗೆ ಹದಿನೈದು ಅಂಕ

ರೆನಾಲಿನ್‌ಳ ದನಿಯಲ್ಲಿ ಕಾಳಜಿ ಇರಲಿಲ್ಲ. ಇದು ಯಾರೋ ಬೆನ್ನ ಹಿಂದೆ ಆಡಿಕೊಂಡ ಮಾತಲ್ಲ, ಅವಳ ಕಾಲ್ ಸೆಂಟರ್ ಕಂಪನಿಯ ಅಂಕದ ಹಾಳೆಯಲ್ಲಿ ಅಚ್ಚಾಗಿದ್ದ ವಿಷಯ. ನಮಸ್ಕಾರಕ್ಕೆ ಹತ್ತಕ್ಕೆ ಹತ್ತು. ಸರಿಯಾದ ಮಾಹಿತಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಕನ್ಸರ್ನ್, ಅಂದರೆ ಕಾಳಜಿ, ಎಂದು ಬರೆದಿದ್ದ ಸಾಲಿನ ಎದುರು ಹದಿನೈದಕ್ಕೆ ಸೊನ್ನೆ.

"ಆ ಮನುಷ್ಯ ಏನಂದ?" ತಂಡದ ಮುಖ್ಯಸ್ಥೆ ಮ್ಯಾಮ್ ಆಲ್ಮಾ ಕರೆಯ ಧ್ವನಿಮುದ್ರಣವನ್ನು ನಿಲ್ಲಿಸಿ ಕೇಳಿದಳು.

"ಕಾಫಿ ಮಿಷನ್ನು ಸೋರ್ತಿದೆ ಅಂದ, ಮ್ಯಾಮ್."

"ನೀನೇನಂದೆ?"

"ಹಿಂದುಗಡೆ ರಬ್ಬರ್ ಬಳೆ ಸವೆದಿರುತ್ತೆ, ಹೊಸದು ಕಳಿಸ್ತೀವಿ ಅಂದೆ."

"ಅದೇ ತಪ್ಪು."

"ಬಳೆನೇ ಸವೆದಿತ್ತು ಮ್ಯಾಮ್."

"ಸವೆದಿರ್ಲಿ ಬಿಡು. ಬೆಳಗ್ಗೆ ಎದ್ದು ಕಾಫಿ ಇಲ್ದೆ ಕೂತಿದಾನೆ, ಅವನಿಗೆ ಸಂಕಟ ಆಗಿದೆ. ಅದನ್ನ ನೀನು ಮೊದಲು ಒಪ್ಕೋಬೇಕು. ರಬ್ಬರ್ರು ಆಮೇಲೆ. ಹೇಳು ನೋಡೋಣ."

"ನಿಮ್ಮ ಕನ್ಸರ್ನ್ ನನಗೆ ಅರ್ಥವಾಗುತ್ತದೆ, ಸರ್."

"ರೇಷನ್ ಅಂಗಡಿಲಿ ಹೆಸರು ಕೂಗ್ದಂಗಿದೆ," ಎಂದು ಆಲ್ಮಾ ಹಣೆ ಒತ್ತಿಕೊಂಡಳು. "ನಿನ್ ಬಗ್ಗೆ ನನಗೊಂದು ಕನ್ಸರ್ನ್ ಇದೆ ರೆನಾ. ಇದೇ ತರ ಹೋದ್ರೆ ಆಗಸ್ಟ್‌ನಲ್ಲಿ ನಿನ್ನ ಉಳಿಸ್ಕೊಳ್ಳೋಕೆ ನನ್ ಕೈಲಾಗಲ್ಲ."

ದ್ವೀಪದ ಮೇಲಿರುವ ಬಾಕೊಲೊದ್ ಊರಿನಲ್ಲಿ ಆ ಇಂಗ್ಲಿಷ್ ಪದಕ್ಕೆ ಬಿಡುವೇ ಇಲ್ಲ. ಕರೆಂಟು ಕಚೇರಿಯ ಕಿಟಕಿಯಲ್ಲಿ ತಲೆ ಎತ್ತದೆ ಕೇಳುತ್ತಾರೆ, ಏನ್ ನಿಮ್ ಕನ್ಸರ್ನು? ಅಂದರೆ, ಏನು ತಕರಾರು, ಬೇಗ ಒದರು. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರ ಕೇಳುತ್ತಾನೆ. ಅಂದರೆ, ಯಾಕೆ ಬಂದೆ. ಪಕ್ಕದ ಮನೆಯ ಮನಾಂಗ್ ತೆರಿಂಗ್ ಜನರ ಮುಖದ ಮೇಲೆ ಹೊಡೆದಂತೆ ಮಾತಾಡಿ, ಕೊನೆಯಲ್ಲಿ "ಬೇಜಾರಾಗ್ಬೇಡ, ಕನ್ಸರ್ನ್ ಅಷ್ಟೇ" ಎಂದು ಸೇರಿಸುತ್ತಾಳೆ. ಮೇಲಧಿಕಾರಿ ಆ ಪದ ಹಿಡಿದರೆ ಕೆಲಸ ಹೋಗುವ ಸೂಚನೆ. ಎಲ್ಲರೂ ಮೆಟ್ಟಿ ಓಡಾಡಿ ಹಿಮ್ಮಡಿ ಸವೆದ ಚಪ್ಪಲಿ ಅದು. ರೆನಾಲಿನ್‌ಗೆ ಮಾತ್ರ ಅದು ಕಾಲಿಗೆ ಕೂರುತ್ತಿರಲಿಲ್ಲ.

ಕೂರಲೇಬೇಕಿತ್ತು. ಫೆಬ್ರವರಿ ಹನ್ನೆರಡಕ್ಕೆ ಸೇರಿದ್ದಳು. ನೂರ ಎಂಬತ್ತು ದಿನ ಪರೀಕ್ಷಾ ಕಾಲ, ಅದು ಮುಗಿದ ಮೇಲೆ ಒಂದೋ ಕಾಯಂ, ಇಲ್ಲವೋ ಮನೆ. ಕಾಯಂ ಆದವರಿಗೆ ಆರೋಗ್ಯ ಕಾರ್ಡು ಕೊಡುತ್ತಿದ್ದರು. ಆ ಕಾರ್ಡಿಗೆ ಮನೆಯವರಲ್ಲಿ ಒಬ್ಬರನ್ನು ಸೇರಿಸಬಹುದಿತ್ತು. ಅವಳಿಗಿದ್ದದ್ದೇ ಒಬ್ಬಳು, ತಾಯಿ. ಹೆಸರು ಎಸ್ಟ್ರೆಲಿಟಾ, ಅವಳು ಕಡುಬು ಮಾರುವ ಮಾರುಕಟ್ಟೆಯವರ ಬಾಯಲ್ಲಿ ಲಿತಾಯ್, ಮಗಳಿಗೆ ನಾನಯ್, ಅಂದರೆ ಅಮ್ಮ, ಚಿಕ್ಕದಾಗಿ ನಾಯ್. ಕೆಲಸಕ್ಕೆ ಸೇರಿ ಎರಡನೆಯ ವಾರ, ನಾನಯ್ ಅಂಗಳದಲ್ಲಿ ತೆಂಗಿನ ಗರಿಗೆ ಅಂಟಕ್ಕಿ ತುಂಬಿ ಕಡುಬು ಸುತ್ತುತ್ತಿದ್ದವಳು ತಲೆ ಎತ್ತದೆಯೇ ಹೇಳಿದ್ದಳು:

"ದಾಯ್, ಎಡಗಡೆ ಎದೇಲಿ ಒಂದು ಗಂಟಾಗಿದೆ. ಕಲಮನ್ಸಿ ಕಾಯಷ್ಟು. ನೋವೇನಿಲ್ಲ."

ದಾಯ್ ಎಂದರೆ ಹುಡುಗಿ, ಕಲಮನ್ಸಿ ಎಂದರೆ ಗೋಲಿಯಷ್ಟೇ ದೊಡ್ಡ ನಿಂಬೆ. ರೆನಾಲಿನ್ ಮುಟ್ಟಿ ನೋಡಿದಳು. ಗೋಲಿಯಷ್ಟೇ ಗಟ್ಟಿಯೂ ಇತ್ತು.

ಮರುದಿನ ಕ್ಯಾಂಟೀನಿನಲ್ಲಿ ಅವಳು ಈ ವಿಷಯ ಹೇಳಿದ್ದು ಡಿಂಡೊಗೆ. ಡಿಂಡೊ ಹುಬ್ಬು ತೀಡಿಕೊಂಡು, ತುಟಿಗೆ ತೆಳುವಾಗಿ ಬಣ್ಣ ಹಚ್ಚಿಕೊಂಡು ಬರುವವನು. ಆ ಮಹಡಿಯಲ್ಲಿ ನಾಲ್ಕು ವರ್ಷ ಕಳೆದವನು, ಅಲ್ಲಿನ ಕಾನೂನನ್ನೆಲ್ಲ ಅರೆದು ಕುಡಿದವನು. ಕಾಳಜಿಯ ಸಾಲಿನಲ್ಲಿ ತಿಂಗಳು ತಪ್ಪದೆ ಅವನಿಗೆ ಹದಿನೈದಕ್ಕೆ ಹದಿನೈದು.

"ನಾಳೆನೇ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತೀನಿ," ಅಂದಳು ರೆನಾಲಿನ್.

ಡಿಂಡೊ ಚಮಚ ಕೆಳಗಿಟ್ಟ. "ತಲೆ ಕೆಟ್ಟಿದ್ಯೇನೇ ನಿಂಗೆ? ಕಾರ್ಡಿನ ಹಿಂದುಗಡೆ ಸಣ್ಣಕ್ಷರ ಓದಿದ್ಯಾ? ಕಾರ್ಡು ಬರೋ ಮುಂಚೆ ಇದ್ದ ಕಾಯಿಲೆಗೆ ಮೊದಲ ವರ್ಷ ಬಿಡಿಗಾಸೂ ಕೊಡಲ್ಲ. ಇವತ್ತು ಯಾವನೋ ಡಾಕ್ಟರು ಚೀಟಿಲಿ ಗಂಟು ಅಂತ ಬರೆದ ಅಂದ್ಕೋ, ಆ ಗಂಟು ಹಳೇದು. ಬರೀಲಿಲ್ಲ ಅಂದ್ರೆ ಗಂಟೇ ಇಲ್ಲ."

"ಇದೆಯಲ್ಲೋ."

"ನಿಂಗೆ ಇದೆ, ನಾನಯ್‌ಗೆ ಇದೆ. ಕಾಗದಕ್ಕೆ ಇಲ್ಲ. ಮೂರನೇ ತಂಡದ ಗ್ಲೆಂಡಾ ಗೊತ್ತಲ್ಲ? ಅವರಪ್ಪನ ಕಿಡ್ನಿ ಕಲ್ಲನ್ನ ಆರು ತಿಂಗಳು ಹೊಟ್ಟೇಲೇ ಇಟ್ಕೊಂಡಿದ್ರು. ಕಾರ್ಡ್ ಬಂದ ಮಾರನೇ ದಿನ ಹೋಗಿ ಬಿದ್ದು ಹೊರಳಾಡಿದ. ಒಂದು ಪೈಸೆ ಕೈಯಿಂದ ಹೋಗ್ಲಿಲ್ಲ."

ಆ ಮಹಡಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಹೊಸದಾಗಿ ಸೇರಿದವರ ಮನೆಗಳಲ್ಲಿ ಆರು ತಿಂಗಳು ಯಾರಿಗೂ ಯಾವ ರೋಗವೂ ಇರುತ್ತಿರಲಿಲ್ಲ, ಏಳನೆಯ ತಿಂಗಳಲ್ಲಿ ಎಲ್ಲ ಒಟ್ಟಿಗೇ ಏಳುತ್ತಿತ್ತು. ಸರ್ಕಾರಿ ಆಸ್ಪತ್ರೆ ಒಂದಿತ್ತು. ಅಲ್ಲಿ ಸರದಿಗೇ ತಿಂಗಳುಗಟ್ಟಲೆ ಕಾಯಬೇಕು, ಮೇಲಾಗಿ ಮೊದಲ ಕಿಟಕಿಯಲ್ಲೇ ಹೆಸರು, ದಿನಾಂಕ, ಕಾಯಿಲೆ ಬರೆದುಕೊಳ್ಳುತ್ತಾರೆ. ಹೇಗೂ ಕಾಯುವುದೇ ಆದರೆ ಕಾರ್ಡಿಗೇ ಕಾಯೋಣ ಎಂದು ತಾಯಿ ಮಗಳು ಮಾತಾಡಿಕೊಂಡರು. ಮಾತು ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ.

"ಆಗಸ್ಟ್ ಏನ್ ದೂರ?" ಅಂದಳು ನಾನಯ್. "ನೀನು ಕೆಲಸದ ಕಡೆ ಗಮನ ಕೊಡು. ನನ್ ಚಿಂತೆ ಬಿಡು."

ಏಪ್ರಿಲ್ ಬಂದರೂ ರೆನಾಲಿನ್‌ಳ ಕಾಳಜಿ ನಾಲ್ಕು ಅಂಕ ದಾಟಲಿಲ್ಲ. ಪಾಠ ಹೇಳಿಕೊಡಲು ಡಿಂಡೊನೇ ಕೂತ. ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿದ ಮೇಲೆ ಕಟ್ಟಡದ ಹಿಂದಿನ ಮೆಟ್ಟಿಲಲ್ಲಿ ತರಗತಿ.

"ಮೂರೇ ಕೆಲಸ ಕಣೇ. ಮೊದಲು ಉಸಿರು. ಎಳ್ಕೋಬೇಕು, ಅವರಿಗೆ ಕೇಳಿಸ್ಬೇಕು, ಆದ್ರೆ ನಿಟ್ಟುಸಿರು ಆಗ್ಬಾರ್ದು. ನಿಟ್ಟುಸಿರಾದ್ರೆ ನಿಂಗೆ ಬೇಜಾರು ಅಂತಾಗುತ್ತೆ. ಆಮೇಲೆ ವಾಕ್ಯ. ಕೊನೇಲಿ ದನಿ ಇಳೀಬೇಕು, ಮಗು ಮಲಗಿಸ್ದಂಗೆ. ಆಮೇಲೆ ಎರಡು ಸೆಕೆಂಡು ಬಾಯಿ ಮುಚ್ಕೊಂಡಿರು. ಆ ಎರಡು ಸೆಕೆಂಡಲ್ಲೇ ಎಲ್ಲಾ ಇರೋದು. ಪಾಪ, ಎಷ್ಟು ನೊಂದ್ಕೊಂಡ್ಳು ಅಂದ್ಕೋತಾರೆ."

ಅವಳು ಹೇಳಿದಳು. ಡಿಂಡೊ ಕಿವಿ ಮುಚ್ಚಿಕೊಂಡ.

"ಯಾರನ್ನಾದ್ರೂ ನೆನೆಸ್ಕೊಂಡ್ ಹೇಳೇ, ಕಲ್ಲುಬಂಡೆ. ನಾನು ನಮ್ ನಾಯೀನ ನೆನೆಸ್ಕೋತೀನಿ, ಜೀಪ್ನಿಗೆ ಸಿಕ್ಕಿ ಸತ್ತೋಯ್ತಲ್ಲ, ಅದನ್ನ. ನಾಲ್ಕು ವರ್ಷದಿಂದ ಆ ನಾಯಿ ನಂಗೆ ಅನ್ನ ಹಾಕ್ತಿದೆ. ನಿಂಗೇನು, ಮನೇಲೇ ಇದಾರೆ ನಾನಯ್. ಅವರ ಎದೆ ನೆನೆಸ್ಕೋ."

"ಥೂ, ಬಾಯಿ ತೊಳ್ಕೋ."

ಆದರೆ ಮರುದಿನ ಬ್ರಿಸ್ಬೇನಿನ ಹೆಂಗಸೊಬ್ಬಳು ಹಾಲು ನೊರೆ ಬರುತ್ತಿಲ್ಲ ಎಂದು ಗೋಳಾಡಿದಾಗ ರೆನಾಲಿನ್ ನೆನೆಸಿಕೊಂಡಳು. ಗೋಲಿಯಷ್ಟಿದ್ದದ್ದು ಈಗ ಕೋಳಿಮೊಟ್ಟೆಯಷ್ಟಾಗಿತ್ತು. ಉಸಿರು ತಾನಾಗಿ ಒಳಗೆ ಹೋಯಿತು. ವಾಕ್ಯ ಬಂತು, ಕೊನೆಯಲ್ಲಿ ಇಳಿಯಿತು. ಎರಡು ಸೆಕೆಂಡು. ಆ ಹೆಂಗಸು "ನೀನು ಒಳ್ಳೆಯ ಹುಡುಗಿ" ಅಂದಳು. ಆ ವಾರ ಹದಿನೈದಕ್ಕೆ ಹದಿಮೂರು ಬಂತು. ಆಲ್ಮಾ ಅವಳ ಮೇಜಿನ ಮೇಲೆ ಒಂದು ಚಾಕೊಲೇಟ್ ಇಟ್ಟು ಹೋದಳು.

ಅಲ್ಲಿಂದ ಅವಳು ದಿನಕ್ಕೆ ಅರವತ್ತು ಸಲ ತಾಯಿಯ ಎದೆಯನ್ನು ನೆನೆಸಿಕೊಂಡಳು. ಸೋರುವ ಯಂತ್ರಕ್ಕೆ, ತಡವಾದ ಪೊಟ್ಟಣಕ್ಕೆ, ಕೆಂಪು ಬೇಕೆಂದರೆ ಬೂದು ಬಣ್ಣ ಕಳಿಸಿದ್ದಕ್ಕೆ. ಮೂರಕ್ಕೆ ಪಾಳಿ ಮುಗಿದು ಜೀಪ್ನಿಯಲ್ಲಿ ಕೂತು ಮನೆಗೆ ಬರುವ ಹೊತ್ತಿಗೆ ಅವಳಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಒಲೆಯ ಮುಂದೆ ಕೂತ ನಾನಯ್ ಒಮ್ಮೊಮ್ಮೆ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಇಡುವುದು ಕಾಣುತ್ತಿತ್ತು.

"ನೋವಿದ್ಯಾ, ನಾಯ್?"

"ಇಲ್ಲ. ಉಂಡ್ಯಾ?"

ಅಷ್ಟೇ. ಇಬ್ಬರೂ ಮೀನಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದರು. ಎಣ್ಣೆ ತಿಕ್ಕುವ ಬಸ್ಯೋನ್ ಅಜ್ಜಿ ವಾರಕ್ಕೊಮ್ಮೆ ಬಂದು ತೆಂಗಿನೆಣ್ಣೆ ಹಚ್ಚಿ ಗಂಟನ್ನು ಬೆರಳಿನಿಂದ ಒತ್ತಿ ಒತ್ತಿ ಕರಗಿಸಲು ನೋಡುತ್ತಿದ್ದಳು. ಅವಳು ಚೀಟಿ ಬರೆಯುವುದಿಲ್ಲವಲ್ಲ, ಅದಕ್ಕೆ ಅಡ್ಡಿಯಿರಲಿಲ್ಲ.

ಜುಲೈಯಲ್ಲಿ ಮನಾಂಗ್ ತೆರಿಂಗ್ ಬೇಲಿಯ ಆಚೆಯಿಂದ ಕರೆದಳು. ಕೈಯಲ್ಲಿ ಬೀಸಣಿಗೆ.

"ಏ ರೆನಾ, ನಿಮ್ಮ ನಾನಯ್ ಹತ್ರ ಕೂತ್ರೆ ಒಂಥರಾ ವಾಸ್ನೆ ಬರುತ್ತಲ್ಲೇ. ಮಾರ್ಕೆಟಲ್ಲಿ ಅವಳ ಪಕ್ಕದ ಮೀನಿನವಳು ಜಾಗ ಬದಲಾಯಿಸ್ಕೊಂಡ್ಳಂತೆ. ಮೀನಿನವಳು! ಬೇಜಾರಾಗ್ಬೇಡ, ಕನ್ಸರ್ನ್ ಅಷ್ಟೇ."

ಆ ಸಂಜೆ ರೆನಾಲಿನ್ ತಾಯಿಯ ಅಂಗಿಯ ಗುಂಡಿಯನ್ನು ತಾನೇ ಬಿಚ್ಚಿದಳು. ನಾನಯ್ ಮೊದಲು ಕೈ ಹಿಡಿದಳು, ಆಮೇಲೆ ಬಿಟ್ಟಳು. ಒಳಗೆ ಹಳೆಯ ದಿಂಬಿನ ಬಟ್ಟೆ ಹರಿದು ಮಡಚಿ ಕಟ್ಟಿತ್ತು, ಮೇಲೆ ಪೇರಲೆ ಎಲೆ ಜಜ್ಜಿ ಹಾಕಿತ್ತು. ಬಟ್ಟೆ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ನೆನೆಸಿ ಬಿಡಿಸಬೇಕಾಯಿತು. ಗಂಟು ಎಂದು ಕರೆಯುವಂಥದ್ದು ಅಲ್ಲೇನೂ ಉಳಿದಿರಲಿಲ್ಲ. ಒಡೆದ ಹಣ್ಣಿನ ಹಾಗೆ ಬಾಯಿಬಿಟ್ಟ ಹುಣ್ಣು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಚಿಂತೆ ಮಾಡ್ಕೊಂಡು ಕೆಲಸದಲ್ಲಿ ತಪ್ಪು ಮಾಡ್ತಿದ್ದೆ."

ರೆನಾಲಿನ್ ಗೋಡೆಯ ಕ್ಯಾಲೆಂಡರ್ ನೋಡಿದಳು. ಜುಲೈ ಮೂವತ್ತೊಂದು. "ನಾಳೆ ಹೋಗೋಣ. ಕಾರ್ಡೂ ಬೇಡ ಏನೂ ಬೇಡ."

"ಇನ್ನೆಷ್ಟು ದಿನ ಇದೆ?"

"ಹನ್ನೊಂದು."

"ಇಷ್ಟು ದಿನ ಕಾದಿದ್ದೀವಿ," ಅಂದಳು ನಾನಯ್. "ಹನ್ನೊಂದು ದಿನಕ್ಕೆ ಬೆಂಕಿ ಹಚ್ಚೋದಾ? ನಾಳೆ ಹೋದ್ರೆ ಕಾಯ್ದಿದ್ದೆಲ್ಲ ನೀರಲ್ಲಿ ಹೋಮ."

ರೆನಾಲಿನ್ ಹಟ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ತಾಯಿಯ ಮಾತು ಕೇಳಿ ಅವಳಿಗೆ ಒಂದು ಕ್ಷಣ ಹಗುರವೂ ಆಯಿತು, ಅದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ. ಬಟ್ಟೆ ಕುದಿಸಿ, ಒಣಗಿಸಿ, ಹೊಸದಾಗಿ ಕಟ್ಟಿದಳು. ಮರುದಿನ ಕಾಳಜಿಯಲ್ಲಿ ಹದಿನೈದಕ್ಕೆ ಹದಿನೈದು ಬಂತು.

ಆಗಸ್ಟ್ ಹನ್ನೊಂದಕ್ಕೆ ಅವಳನ್ನು ಕಾಯಂ ಮಾಡಿದರು. ಮಹಡಿಯವರೆಲ್ಲ ನಿಂತು ಚಪ್ಪಾಳೆ ತಟ್ಟಿದರು. ನೇರಳೆ ಗೆಣಸಿನ ಕೇಕು ಕತ್ತರಿಸಿದರು. ಆಲ್ಮಾ ಅವಳ ಹಳೆಯ ಕರೆಯನ್ನೂ ಹೊಸ ಕರೆಯನ್ನೂ ಒಂದರ ಹಿಂದೊಂದು ಕೇಳಿಸಿ, "ಅದೇ ಹುಡುಗಿ ಅಂದ್ರೆ ನಂಬ್ತೀರಾ?" ಅಂದಳು. ಡಿಂಡೊ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದ. ಮೂರು ದಿನಕ್ಕೆ ಕಾರ್ಡು ಬಂತು, ಎರಡು. ಒಂದರ ಮೇಲೆ ತಾಯಿಯ ಹೆಸರು ದೊಡ್ಡಕ್ಷರದಲ್ಲಿತ್ತು. ನಾನಯ್ ಅದನ್ನು ಬಟ್ಟೆಯಲ್ಲಿ ಒರೆಸಿ, ಯೇಸುಬಾಲನ ಪ್ರತಿಮೆಯ ಪಾದದ ಹತ್ತಿರ ಒಂದು ರಾತ್ರಿ ಇಟ್ಟಳು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ರೆನಾಲಿನ್ ಪಾಠ ಒಪ್ಪಿಸಿಕೊಂಡಳು.

"ಯಾವಾಗಿಂದ ಅಂತ ಕೇಳಿದ್ರೆ?"

"ಎರಡು ವಾರದಿಂದ."

"ಮೊದಲು ಏನಿತ್ತು?"

"ಏನೂ ಇರ್ಲಿಲ್ಲ. ಎಷ್ಟ್ ಸಲ ಕೇಳ್ತೀಯೇ, ನಾನೇನ್ ಒಂದನೇ ಕ್ಲಾಸಾ?"

ವೈದ್ಯೆ ಚಿಕ್ಕ ವಯಸ್ಸಿನವಳು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬಟ್ಟೆ ಬಿಚ್ಚಿ ನೋಡಿದಳು. ಮುಖ ಕಿವುಚಲಿಲ್ಲ. ಕಂಕುಳಲ್ಲಿ ಬೆರಳಿಟ್ಟಳು, ಕತ್ತಿನ ಬುಡದಲ್ಲಿ ಇಟ್ಟಳು, ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದಳು.

"ಯಾವಾಗಿಂದ, ನಾಯ್?"

"ಎರಡು ವಾರದಿಂದ, ಡಾಕ್ಟರ್."

ವೈದ್ಯೆ ಪೆನ್ನು ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ನಾನಯ್‌ಳ ಮುಂದೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ದೊಡ್ಡ ಉಸಿರು ಎಳೆಯಲಿಲ್ಲ, ದನಿಯನ್ನು ಇಳಿಸಲೂ ಇಲ್ಲ. "ತುಂಬ ದಿನದಿಂದ ಒಬ್ರೇ ಅನುಭವಿಸಿದ್ದೀರ, ಅಲ್ವಾ?" ಅಂದಳು.

ಆರು ತಿಂಗಳಲ್ಲಿ ಯಾರೂ ನಾನಯ್‌ಳನ್ನು ಹಾಗೆ ಕೇಳಿರಲಿಲ್ಲ. ಕೇಳಿದ ಕೂಡಲೇ ಎಲ್ಲ ಹೊರಗೆ ಬಂತು. ಹೋದ ನವೆಂಬರ್‌ನಲ್ಲಿ ಸತ್ತವರ ದಿನ ಗಂಡನ ಗೋರಿಗೆ ಸುಣ್ಣ ಬಳಿಯಲು ಕೈ ಎತ್ತಿದಾಗ ಮೊದಲು ಚುಚ್ಚಿದ್ದು, ಮಗಳಿಗೆ ಕೆಲಸ ಸಿಗಲಿ ಎಂದು ಮೂರು ತಿಂಗಳು ಅವಳಿಂದಲೂ ಮುಚ್ಚಿಟ್ಟದ್ದು, ಈಸ್ಟರ್ ಕಳೆದ ವಾರ ಒಡೆದದ್ದು, ಪೇರಲೆ ಎಲೆ, ಬಸ್ಯೋನ್ ಅಜ್ಜಿ, ದಿಂಬಿನ ಬಟ್ಟೆ, ಎಲ್ಲ. ರೆನಾಲಿನ್ ಮೇಜಿನ ಕೆಳಗೆ ಕಾಲಿನಿಂದ ಒತ್ತಿದಳು. ನಾನಯ್‌ಗೆ ಗೊತ್ತಾಗಲಿಲ್ಲ. ನವೆಂಬರಿನ ವಿಷಯ ರೆನಾಲಿನ್ ಕೇಳಿದ್ದೂ ಆಗಲೇ ಮೊದಲು.

"ಡಾಕ್ಟರ್, ಅದನ್ನ ಬರೀಬೇಡಿ," ಅಂದಳು.

"ಬರೀದಿದ್ರೆ ಏನ್ ಬರೀಲಿ? ಎರಡು ವಾರ ಅಂತಾನಾ?" ವೈದ್ಯೆ ಅವಳತ್ತ ತಿರುಗಿದಳು. "ಇದನ್ನ ನೋಡಿದ ಯಾರೂ ನಂಬಲ್ಲ. ನಾನು ಬರೀಲಿಲ್ಲ ಅಂದ್ರೂ ತುಂಡು ತೆಗೆದು ಪರೀಕ್ಷೆ ಮಾಡೋನು ಬರೀತಾನೆ. ಫೆಬ್ರವರೀಲಿ ಯಾಕೆ ಬರ್ಲಿಲ್ಲ ನೀವು?"

ಉತ್ತರ ರೆನಾಲಿನ್‌ಳ ಕೈಯಲ್ಲೇ ಇತ್ತು, ಹೊಸ ಕಾರ್ಡು, ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಸುಲಿದಿರಲಿಲ್ಲ.

ಕಾರ್ಡಿನ ಕಂಪನಿಯಿಂದ ನಾಲ್ಕು ಸಾಲಿನ ಕಾಗದ ಬಂತು. ಹಿಂದಿನಿಂದ ಇದ್ದ ಕಾಯಿಲೆ, ಮೊದಲ ವರ್ಷ ಅನ್ವಯಿಸುವುದಿಲ್ಲ. ರೆನಾಲಿನ್ ಊಟದ ವೇಳೆಯಲ್ಲಿ ಹಿಂದಿನ ಮೆಟ್ಟಿಲಿಗೆ ಹೋಗಿ ಅವರ ಸಹಾಯವಾಣಿಗೆ ಫೋನು ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಂದಳು. ಹೆಸರು ಕ್ರಿಸೆಲ್ ಅಂದಳು. ರೆನಾಲಿನ್‌ಳ ಊರ ಕಡೆಯದೇ ಮಾತಿನ ರಾಗ, ದ್ವೀಪದ ಆಚೆ ದಡದವಳಿರಬೇಕು.

ರೆನಾಲಿನ್ ಎಲ್ಲ ಹೇಳಿದಳು. ಕಾರ್ಡು, ಹುಣ್ಣು, ನವೆಂಬರು. ತಾನು ಇಷ್ಟು ವೇಗವಾಗಿ, ಇಷ್ಟು ಗಲಿಬಿಲಿಯಾಗಿ ಮಾತಾಡುತ್ತಿರುವುದು ಅವಳಿಗೇ ಕೇಳಿಸುತ್ತಿತ್ತು. ಇಂಥ ಕರೆ ಬಂದರೆ ಆಲ್ಮಾ ಹೇಳುತ್ತಿದ್ದಳು, ಗ್ರಾಹಕ ಉಬ್ಬರದಲ್ಲಿದ್ದಾನೆ, ಇಳಿಯಲಿ, ಬಿಡು.

ಆಚೆ ಬದಿಯಲ್ಲಿ ಹುಡುಗಿ ಉಸಿರು ಎಳೆದುಕೊಂಡಳು. ಕೇಳಿಸುವಷ್ಟು, ನಿಟ್ಟುಸಿರಾಗದಷ್ಟು.

"ನಿಮ್ಮ ಕನ್ಸರ್ನ್ ನನಗೆ ಅರ್ಥವಾಗುತ್ತದೆ, ಮ್ಯಾಮ್."

ಕೊನೆಯಲ್ಲಿ ದನಿ ಇಳಿಯಿತು. ರೆನಾಲಿನ್ ಮನಸ್ಸಿನಲ್ಲೇ ಎಣಿಸಿದಳು. ಒಂದು. ಎರಡು. ಆಮೇಲೆ ಹುಡುಗಿ, ನಿಯಮದ ಪ್ರಕಾರ ಈ ವಿಷಯದಲ್ಲಿ ತಮ್ಮಿಂದ ಏನೂ ಆಗುವುದಿಲ್ಲ ಅಂದಳು. ಚೆನ್ನಾಗಿ ಅಂದಳು. ಯಾರನ್ನು ನೆನೆಸಿಕೊಂಡಿರಬಹುದು ಎಂದು ರೆನಾಲಿನ್ ಯೋಚಿಸಿದಳು.

"ನೀನು ಕಾಯಂ ಆಗಿದ್ಯಾ, ದಾಯ್?"

ಹುಡುಗಿ ತಡವರಿಸಿದಳು. ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ. "ಇನ್ನೂ ಇಲ್ಲ ಮ್ಯಾಮ್. ಅಕ್ಟೋಬರಿಗೆ." ಮರುಕ್ಷಣ ಮಾಮೂಲಿ ದನಿಗೆ ಮರಳಿದಳು. "ಬೇರೆ ಏನಾದರೂ ಕನ್ಸರ್ನ್ ಇದೆಯೇ?"

"ಇಲ್ಲ."

ಕರೆಯ ಕೊನೆಯಲ್ಲಿ ಒಂದರಿಂದ ಐದರವರೆಗೆ ಅಂಕ ಒತ್ತಿ ಎಂದು ಯಂತ್ರ ಹೇಳಿತು. ರೆನಾಲಿನ್ ಐದು ಒತ್ತಿದಳು. ಹೊತ್ತಾಗಿತ್ತು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಕಿವಿಗೆ ಯಂತ್ರ ಸಿಕ್ಕಿಸಿಕೊಂಡಳು.

ಮುಂದಿನದು ಬೇಗ ಹೇಳಿ ಮುಗಿಸುವಂಥದ್ದು. ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ನಿಂತರು. ಅವರ ಪಾಳಿ ನವೆಂಬರ್ ಹತ್ತೊಂಬತ್ತಕ್ಕೆ ಬಂತು. ಕತ್ತರಿಸಿ ಪ್ರಯೋಜನವಿಲ್ಲ, ಶ್ವಾಸಕೋಶಕ್ಕೂ ಬೆನ್ನುಮೂಳೆಗೂ ಹೋಗಿದೆ ಅಂದರು. ನೋವಿಗೆ ಮಾತ್ರೆ ಕೊಟ್ಟರು. ನಾನಯ್ ಕಡುಬು ಸುತ್ತುವುದನ್ನು ನಿಲ್ಲಿಸಿದಳು. ಬಸ್ಯೋನ್ ಅಜ್ಜಿ ಬರುವುದನ್ನು ನಿಲ್ಲಿಸಿದಳು. ಡಿಂಡೊ ಒಂದು ಭಾನುವಾರ ತುಟಿಗೆ ಬಣ್ಣವಿಲ್ಲದೆ ಬಂದು ಬಾಗಿಲಲ್ಲೇ ನಿಂತ.

"ನಾನು ಹಾಗೆ ಹೇಳ್ಬಾರ್ದಿತ್ತು ಕಣೇ."

"ಎಲ್ರೂ ಹಾಗೇ ಮಾಡ್ತಾರೆ ಅಂದೆ ನೀನು. ಎಲ್ರೂ ಮಾಡ್ತಿದ್ರು," ಅಂದಳು ರೆನಾಲಿನ್. "ಒಳಗ್ ಬಾ. ಅವಳು ಎದ್ದಿದಾಳೆ."

ನಾನಯ್ ಅವನನ್ನು ನೋಡಿ, "ನೀನೇನಾ ಡಿಂಡೊ? ನನ್ ಮಗಳಿಗೆ ಮಾತಾಡೋದು ಕಲಿಸ್ದೋನು?" ಅಂದಳು. "ಒಳ್ಳೇದು ಮಾಡ್ದೆ, ಮಗಾ. ಮೊದಲು ಇವಳ ಬಾಯಲ್ಲಿ ಮಾತೇ ಬರ್ತಿರ್ಲಿಲ್ಲ." ಡಿಂಡೊ ಹೊರಗೆ ಹೋಗಿ ಬೇಲಿ ಹಿಡಿದುಕೊಂಡು ನಿಂತ.

ಜನವರಿಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುತ್ತಾರೆ. ಗದ್ದೆ ಸುಟ್ಟ ಕರಿ ಗಾಳಿಯಲ್ಲಿ ಹಾರಿ ಬಂದು ಊರಿನ ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ. ಅಂಥ ಒಂದು ಬೆಳಗ್ಗೆ, ಎಂಟು ಗಂಟೆಗೆ, ನಾನಯ್ ಸತ್ತಳು. ರೆನಾಲಿನ್ ಆಗ ಅಡಿಲೇಡಿನ ಮುದುಕನೊಬ್ಬನ ಕರೆಯಲ್ಲಿದ್ದಳು. ಮನಾಂಗ್ ತೆರಿಂಗ್ ಮೂರು ಸಲ ಫೋನು ಮಾಡಿದ್ದಳು, ಕೆಲಸದ ಜಾಗದಲ್ಲಿ ಫೋನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕಾದ್ದರಿಂದ ಗೊತ್ತಾದದ್ದು ಹತ್ತೂವರೆಗೆ.

ಕಾಯಂ ನೌಕರರಿಗೆ ಮನೆಯ ಸಾವಿಗೆ ಮೂರು ದಿನ ರಜೆ. ನಾಲ್ಕನೆಯ ದಿನ ಅವಳು ಕೆಲಸಕ್ಕೆ ಹೋದಳು. ಆಲ್ಮಾ ಅವಳ ಭುಜ ಮುಟ್ಟಿ ಏನೋ ಹೇಳಲು ಹೊರಟಳು, ಬಾಯಿಗೆ ಬಂದ ವಾಕ್ಯವನ್ನು ಹೇಳದೆ ಸುಮ್ಮನೆ ಹೋದಳು. ಮೊದಲ ಕರೆ ಪರ್ತ್‌ನಿಂದ. ಯಂತ್ರದ ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ. ರೆನಾಲಿನ್ ಯಾರನ್ನೂ ನೆನೆಸಿಕೊಳ್ಳಲಿಲ್ಲ. ಉಸಿರು ತಾನಾಗಿ ಬಂತು, ವಾಕ್ಯ ತಾನಾಗಿ ಬಂತು, ಎರಡು ಸೆಕೆಂಡು ತಾನಾಗಿ ಕಳೆಯಿತು. ಆ ಕರೆಯನ್ನೇ ಆಲ್ಮಾ ತಪಾಸಣೆಗೆ ಎತ್ತಿಕೊಂಡಿದ್ದಳು. ಹದಿನೈದಕ್ಕೆ ಹದಿನೈದು.

ಕಾಯುವುದರಲ್ಲಿ ಹೋದದ್ದು ನೂರ ಎಂಬತ್ತು ದಿನ, ಸರದಿಯಲ್ಲಿ ತೊಂಬತ್ತೆರಡು. ನಾನಯ್‌ಳ ಮೈಯಿಂದ ಹತ್ತೊಂಬತ್ತು ಕಿಲೋ. ಮಾರುಕಟ್ಟೆಯಲ್ಲಿ ಎರಡಡಿ ಅಗಲದ ಒಂದು ಜಾಗ. ಒಬ್ಬಳು ತಾಯಿ.